ಎಂಟು ಗೆಳೆಯರು, ಶರತ್ಕಾಲದ ಒಂದು ವಾರಾಂತ್ಯ: ಊರನ್ನು ಕೊನೆಯಲ್ಲಿ ಆರಿಸಿ

ನೀವು ಕೇಳಿರುವುದು ಇಷ್ಟು: ಎಂಟು ಮಂದಿ ಗೆಳೆಯರು ಶರತ್ಕಾಲದ ಒಂದು ವಾರಾಂತ್ಯವನ್ನು ಒಟ್ಟಿಗೆ ಕಳೆಯಬೇಕೆಂದಿದ್ದೀರಿ, ಪ್ರಾಗ್, ವಿಯೆನ್ನಾ, ಲಿಸ್ಬನ್ ಎಂಬ ಮೂರು ಹೆಸರುಗಳ ಸುತ್ತಲೇ ಮಾತು ಸುತ್ತುತ್ತಿದೆ, ಒಬ್ಬ ಗೆಳತಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ನಡೆಯಲಾಗದು, ವಾರಗಟ್ಟಲೆ ಚರ್ಚಿಸಿದರೂ ಒಂದು ತೀರ್ಮಾನಕ್ಕೆ ಬರಲಾಗಿಲ್ಲ. ನಮ್ಮ ಗುಂಪಿನಲ್ಲಿ ಇಂಥ ಪ್ರವಾಸಗಳ ವ್ಯವಸ್ಥೆ ಬಹುಕಾಲದಿಂದ ನನ್ನ ಪಾಲಿಗೇ ಬಂದಿದೆ, ಆ ಕೆಲಸ ನನಗೆ ಪ್ರಿಯವೂ ಹೌದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ನಿಮ್ಮ ಚರ್ಚೆ ಮುಂದೆ ಸಾಗದಿರುವುದಕ್ಕೆ ಕಾರಣ, ಕೊನೆಗೆ ನಿರ್ಧರಿಸಬೇಕಾದ ಊರನ್ನು ನೀವು ಮೊದಲಿಗೇ ಎತ್ತಿಕೊಂಡಿರುವುದು ಎಂದು ನನಗನ್ನಿಸುತ್ತದೆ. ಮೊದಲು ದಿನಾಂಕ, ನಂತರ ಹಣ, ಅವೆರಡೂ ಗಟ್ಟಿಯಾದ ಮೇಲೆ ಊರು ಎಂಬ ಕ್ರಮದಲ್ಲಿ ಹೋದರೆ, ಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಮೊದಲೆರಡರಲ್ಲೇ ಸಿಕ್ಕಿರುತ್ತದೆ.

ದಿನಾಂಕದ ವಿಷಯದಲ್ಲಿ ‘ಯಾರಿಗೆ ಯಾವಾಗ ಅನುಕೂಲ’ ಎಂದು ಎಂಟು ಜನರನ್ನು ಒಟ್ಟಿಗೆ ಕೇಳಬೇಡಿ. ಅದಕ್ಕೆ ಎಂಟು ಬಗೆಯ ಉತ್ತರಗಳು ಬರುತ್ತವೆ, ಅವುಗಳಲ್ಲಿ ಕೆಲವು ಮರುದಿನವೇ ಬದಲಾಗುತ್ತವೆ. ಮೂರೋ ನಾಲ್ಕೋ ವಾರಾಂತ್ಯಗಳನ್ನು ನೀವೇ ಬರೆದು ಕಳುಹಿಸಿ, ಬರಲು ಸಾಧ್ಯವೇ ಇಲ್ಲದ ದಿನಗಳನ್ನು ಮಾತ್ರ ಗುರುತು ಮಾಡಿ ಎಂದು ಕೇಳಿ, ಉತ್ತರಕ್ಕೆ ಒಂದು ಗಡುವು ಕೊಡಿ. ಎಲ್ಲರಿಗೂ ಹೊಂದುವ ದಿನ ಸಿಗದಿದ್ದರೆ ಆರೇಳು ಜನರೊಂದಿಗೆ ಹೊರಡುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಬ್ಬರಿಗಾಗಿ ಮುಂದೂಡಿದ ಪ್ರವಾಸ ಮತ್ತೊಬ್ಬರಿಗಾಗಿ ಇನ್ನೊಮ್ಮೆ ಮುಂದೂಡಲ್ಪಟ್ಟು, ಅಷ್ಟರಲ್ಲಿ ಚಳಿಗಾಲ ಬಂದುಬಿಡುತ್ತದೆ.

ಆಯ್ಕೆಗಿಡುವ ವಾರಾಂತ್ಯಗಳನ್ನು ಕ್ಯಾಲೆಂಡರಿನ ಜೊತೆ ಹೋಲಿಸಿ ನೋಡುವುದು ಅಗತ್ಯ. ನೀವು ಹೆಸರಿಸಿರುವ ಊರುಗಳ ಮೂರೂ ದೇಶಗಳಲ್ಲಿ ಶರತ್ಕಾಲದ ನಡುವೆ ರಾಷ್ಟ್ರೀಯ ರಜಾದಿನಗಳಿವೆ: ಲಿಸ್ಬನ್ ಇರುವ ಪೋರ್ಚುಗಲ್‌ನಲ್ಲಿ ಅಕ್ಟೋಬರ್ 5, ವಿಯೆನ್ನಾ ಇರುವ ಆಸ್ಟ್ರಿಯಾದಲ್ಲಿ ಅಕ್ಟೋಬರ್ 26, ಪ್ರಾಗ್ ಇರುವ ಚೆಕ್ ಗಣರಾಜ್ಯದಲ್ಲಿ ಅಕ್ಟೋಬರ್ 28, ಇವುಗಳ ಜೊತೆಗೆ ನವೆಂಬರ್ 1 ಪೋರ್ಚುಗಲ್ ಮತ್ತು ಆಸ್ಟ್ರಿಯಾ ಎರಡರಲ್ಲೂ ರಜೆ. ಈ ದಿನಗಳು ವಾರಾಂತ್ಯಕ್ಕೆ ಅಂಟಿಕೊಂಡು ಬಂದ ವರ್ಷ ಕೋಣೆಗಳು ಬೇಗ ತುಂಬುತ್ತವೆ, ಬೆಲೆ ಏರುತ್ತದೆ. ಬೇರೆ ನಗರಗಳ ಕಡೆಗೆ ಮನಸ್ಸು ತಿರುಗಿದರೂ ಇದೇ ಎಚ್ಚರಿಕೆ ಬೇಕು. ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಉತ್ಸವ ನಡೆಯುವ ಸೆಪ್ಟೆಂಬರ್ ಉತ್ತರಾರ್ಧದಿಂದ ಅಕ್ಟೋಬರ್ ಮೊದಲ ವಾರದವರೆಗಿನ ಮ್ಯೂನಿಕ್, ಮ್ಯಾರಥಾನ್ ನಡೆಯುವ ನವೆಂಬರ್ ಮೊದಲ ಭಾನುವಾರದ ನ್ಯೂಯಾರ್ಕ್, ಕೆಂಪೆಲೆ ನೋಡಲು ಜನ ಮುಗಿಬೀಳುವ ನವೆಂಬರ್ ಕೊನೆಯ ಕ್ಯೋಟೋ, ಇವೆಲ್ಲ ಆ ಸಂಭ್ರಮಕ್ಕಾಗಿಯೇ ಹೋಗುವವರಿಗೆ ಚೆನ್ನ. ಅದರ ಅರಿವಿಲ್ಲದೆ ಹೋಗುವ ಎಂಟು ಜನರ ಗುಂಪಿಗೆ ಕಷ್ಟ.

ಇನ್ನು ಹಣ. ಗುಂಪಿನ ನಡುವೆ ಬಹಿರಂಗವಾಗಿ ಕೇಳಿದರೆ ಯಾರೂ ತಮ್ಮ ನಿಜವಾದ ಮಿತಿಯನ್ನು ಹೇಳುವುದಿಲ್ಲ. ಹೊಸ ಕೆಲಸ ಹುಡುಕುತ್ತಿರುವವರು, ಮನೆ ಸಾಲ ಕಟ್ಟುತ್ತಿರುವವರು ‘ಪರವಾಗಿಲ್ಲ, ನಡೆಯುತ್ತದೆ’ ಎಂದುಬಿಡುತ್ತಾರೆ. ಆಮೇಲೆ ಹೊರಡುವ ವಾರ ಯಾವುದೋ ನೆಪ ಹೇಳಿ ಹಿಂದೆ ಸರಿಯುತ್ತಾರೆ ಅಥವಾ ಪ್ರವಾಸದುದ್ದಕ್ಕೂ ಒಳಗೊಳಗೇ ಲೆಕ್ಕ ಹಾಕುತ್ತಿರುತ್ತಾರೆ. ಆದ್ದರಿಂದ ಪ್ರಯಾಣ, ವಸತಿ, ಊಟ, ಪ್ರವೇಶ ಶುಲ್ಕ ಎಲ್ಲವೂ ಸೇರಿ ಎಷ್ಟರವರೆಗೆ ನಿರಾಳವಾಗಿ ಖರ್ಚು ಮಾಡಬಲ್ಲಿರಿ ಎಂದು ಪ್ರತಿಯೊಬ್ಬರನ್ನೂ ಖಾಸಗಿಯಾಗಿ ಕೇಳಿ, ಬಂದ ಉತ್ತರಗಳಲ್ಲಿ ಅತ್ಯಂತ ಕಡಿಮೆಯದನ್ನು, ಅದು ಯಾರದೆಂದು ಹೇಳದೆ, ಎಲ್ಲರ ಮಿತಿಯನ್ನಾಗಿ ಇಟ್ಟುಕೊಳ್ಳಿ. ಹೆಚ್ಚು ಖರ್ಚು ಮಾಡಬಲ್ಲವರು ತಮ್ಮ ಪಾಡಿಗೆ ಒಂದು ಸಂಗೀತ ಕಛೇರಿಗೆ ಹೋಗಿಬರಬಹುದು. ಕಡಿಮೆ ಇರುವವರು ಮಾತ್ರ ಎಲ್ಲರಿಗೂ ಸೇರಿದ ಖರ್ಚಿನಿಂದ ತಪ್ಪಿಸಿಕೊಳ್ಳಲಾರರು. ವಸತಿ, ಟ್ಯಾಕ್ಸಿಯಂಥ ಸಾಮಾನ್ಯ ಖರ್ಚುಗಳನ್ನು ಸ್ಪ್ಲಿಟ್‌ವೈಸ್‌ನಂಥ ಆ್ಯಪ್‌ನಲ್ಲಿ ಅಂದಂದೇ ಬರೆದಿಡಿ, ಊಟದ ಬಿಲ್ಲನ್ನು ಮಾತ್ರ ಸಮನಾಗಿ ಹಂಚದೆ ಅವರವರು ತರಿಸಿಕೊಂಡದ್ದಕ್ಕೆ ಅವರವರೇ ಕೊಡಲಿ. ವಸತಿಯ ಮುಂಗಡವನ್ನು ಬುಕಿಂಗ್‌ಗೆ ಮೊದಲೇ ಎಲ್ಲರಿಂದ ಪಡೆಯಿರಿ. ನಿಗದಿತ ದಿನಾಂಕದ ನಂತರ ಬಿಟ್ಟವರು ತಮ್ಮ ಪಾಲನ್ನು ಭರಿಸಬೇಕು ಎಂಬುದನ್ನು ಆಗಲೇ ಬರೆದು ತಿಳಿಸಿಬಿಡಿ. ಮೊದಲೇ ಹೇಳಿದ್ದರೆ ಅದು ನಿಯಮ. ಆಮೇಲೆ ಹೇಳಿದರೆ ಜಗಳ.

ಇಷ್ಟಾದ ಮೇಲೆ ಊರಿನ ಮತದಾನ. ‘ಯಾವ ಊರು ಬೇಕು’ ಎಂದು ಕೇಳುವುದಕ್ಕಿಂತ ‘ಯಾವ ಊರು ಬೇಡ’ ಎಂದು ಕೇಳುವುದು ಒಳ್ಳೆಯದು. ಅಮೆರಿಕದ ನಿರ್ವಹಣಾ ತಜ್ಞ ಜೆರ್ರಿ ಹಾರ್ವಿ ಅವರು 1974ರಲ್ಲಿ ‘ಅಬಿಲೀನ್ ವಿರೋಧಾಭಾಸ’ ಎಂಬುದನ್ನು ವಿವರಿಸಿದ್ದರು: ಟೆಕ್ಸಸ್‌ನ ಒಂದು ಕುಟುಂಬ ಸುಡುಬಿಸಿಲಿನಲ್ಲಿ ದೂರದ ಅಬಿಲೀನ್‌ಗೆ ಕಾರಿನಲ್ಲಿ ಹೋಗಿ ಬಳಲಿ ಬರುತ್ತದೆ, ಮರಳಿದ ಮೇಲೆ ಮಾತಾಡಿಕೊಂಡರೆ ಯಾರಿಗೂ ಹೋಗುವ ಮನಸ್ಸೇ ಇರಲಿಲ್ಲ, ಉಳಿದವರಿಗೆ ಇಷ್ಟವಿದೆಯೆಂದು ಭಾವಿಸಿ ಪ್ರತಿಯೊಬ್ಬರೂ ಒಪ್ಪಿದ್ದರು. ಗೆಳೆಯರ ಗುಂಪಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಕಾರಣ ಕೇಳದೆ ಒಂದು ಊರನ್ನು ತಿರಸ್ಕರಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟರೆ, ಸಂಕೋಚದಿಂದ ಒಪ್ಪುವವರು ಉಳಿಯುವುದಿಲ್ಲ.

ಶರತ್ಕಾಲಕ್ಕೇ ವಿಶಿಷ್ಟವಾದ, ಆದರೆ ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಯೆಂದರೆ ಹಗಲಿನ ಅಳತೆ. ಸೆಪ್ಟೆಂಬರ್ ಕೊನೆಯಲ್ಲಿ ಪ್ರಾಗ್, ವಿಯೆನ್ನಾಗಳಲ್ಲಿ ಸೂರ್ಯ ಮುಳುಗುವಾಗ ಸಂಜೆ 6.30 ದಾಟಿರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ನಸುಕಿನಲ್ಲಿ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಆ ನಂತರದ ವಾರಾಂತ್ಯದಲ್ಲಿ ಅದೇ ಊರುಗಳಲ್ಲಿ 5 ಗಂಟೆಗೆ ಮೊದಲೇ ಕತ್ತಲು ಕವಿಯತೊಡಗುತ್ತದೆ. ಲಿಸ್ಬನ್‌ನಲ್ಲಿ ಆಗಲೂ ಐದೂವರೆಯವರೆಗೆ ಬಿಸಿಲು ಸಿಗುತ್ತದೆ. ಶುಕ್ರವಾರ ಸಂಜೆ 7ಕ್ಕೆ ತಲುಪಿ ಭಾನುವಾರ ಸಂಜೆ 5ಕ್ಕೆ ಹೊರಟರೆ ನಿಮ್ಮ ಕೈಯಲ್ಲಿರುವುದು 46 ಗಂಟೆ. ನವೆಂಬರ್ ಹೊತ್ತಿಗೆ ಅದರಲ್ಲಿ ಹಗಲು ಸುಮಾರು 20 ಗಂಟೆ ಮಾತ್ರ. ಹೀಗಾಗಿ ಉದ್ಯಾನ, ಸೇತುವೆ, ಗುಡ್ಡದ ಮೇಲಿನ ನೋಟ ಇವೆಲ್ಲವನ್ನೂ ಬೆಳಿಗ್ಗೆಗೆ ಇಟ್ಟುಕೊಂಡು, ಛಾವಣಿಯ ಕೆಳಗೆ ನೋಡುವಂಥವನ್ನು ಮಧ್ಯಾಹ್ನ 3ರ ನಂತರಕ್ಕೆ ತಳ್ಳುವುದು ನನ್ನ ಪದ್ಧತಿ. ಗಡಿಯಾರ ಬದಲಾಗುವ ವಾರಾಂತ್ಯವನ್ನೇ ಆರಿಸಿಕೊಂಡರೆ ಭಾನುವಾರ ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತದೆ. ಮೊಬೈಲ್ ತಾನೇ ಸರಿಹೊಂದಿಕೊಳ್ಳುತ್ತದೆ, ಕೈಗಡಿಯಾರವನ್ನು ಮಾತ್ರ ನೀವೇ ತಿರುಗಿಸಬೇಕು.

ಎಲೆಗಳ ಬಣ್ಣವನ್ನು ನಂಬಿ ದಿನಾಂಕ ಇಡಬೇಡಿ. ಹಗಲು ಕಿರಿದಾದಂತೆ ಎಲೆಯ ಹಸಿರು ಕರಗಿ, ಅದರಡಿ ಮೊದಲಿನಿಂದ ಇದ್ದ ಹಳದಿ ಹೊರಬರುತ್ತದೆ; ಕೆಂಪು ಮಾತ್ರ ಆ ಕಾಲದಲ್ಲೇ ಹೊಸದಾಗಿ ಉಂಟಾಗುವಂಥದ್ದು, ಬಿಸಿಲಿನ ಹಗಲು ಮತ್ತು ತಣ್ಣನೆಯ ರಾತ್ರಿಗಳು ಸೇರಿ ಬಂದ ವರ್ಷ ಅದು ಗಾಢವಾಗುತ್ತದೆ. ತಿಂಗಳುಗಳ ಮೊದಲೇ ಟಿಕೆಟ್ ತೆಗೆಯುವವರ ಕೈಯಲ್ಲಿ ಇದು ಇಲ್ಲ. ಬಣ್ಣ ಸಿಕ್ಕರೆ ಸಂತೋಷ. ಮಳೆ ಬಂದರೂ ದಿನ ಕೆಡದಂಥ ಊರನ್ನು ಆರಿಸಿಕೊಳ್ಳುವುದು ಜಾಣತನ.

ವಿಮಾನದ ಟಿಕೆಟ್ ತೆಗೆಯುವಾಗ ಒಂದು ವಿಷಯ ನೆನಪಿನಲ್ಲಿಡಿ. ಒಂದೇ ಬುಕಿಂಗ್‌ನಲ್ಲಿ ಎಂಟು ಸೀಟು ಕೇಳಿದರೆ ಸಾಮಾನ್ಯವಾಗಿ ಎಂಟಕ್ಕೂ ಒಂದೇ ದರಶ್ರೇಣಿಯಿಂದ ಬೆಲೆ ಹಾಕಲಾಗುತ್ತದೆ. ಅಗ್ಗದ ಶ್ರೇಣಿಯಲ್ಲಿ ಮೂರೇ ಸೀಟು ಉಳಿದಿದ್ದರೆ, ಆ ಮೂರನ್ನೂ ಬಿಟ್ಟು ಎಂಟು ಸೀಟಿರುವ ದುಬಾರಿ ಶ್ರೇಣಿಯ ದರವೇ ನಿಮಗೆ ಕಾಣುತ್ತದೆ. ಆದ್ದರಿಂದ ಒಬ್ಬರಿಗೆ, ಇಬ್ಬರಿಗೆ, ನಾಲ್ವರಿಗೆ ಎಂದು ಬೇರೆ ಬೇರೆಯಾಗಿ ಹುಡುಕಿ ನೋಡಿ. ಹೀಗೆ ಒಡೆದು ಬುಕ್ ಮಾಡಿದಾಗ ವಿಮಾನ ರದ್ದಾದರೆ ಗುಂಪು ಬೇರೆ ಬೇರೆ ವಿಮಾನಗಳಿಗೆ ಚದುರುವ ಸಾಧ್ಯತೆ ಇದೆ, ಅದಕ್ಕೆ ಸಿದ್ಧರಿರಬೇಕು. ಹೆಸರುಗಳನ್ನು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಬರೆದು ಕಳುಹಿಸುವಂತೆ ಎಲ್ಲರಿಗೂ ಹೇಳಿ. ಗೆಳೆಯರು ಕರೆಯುವ ಹೆಸರಿನಲ್ಲಿ ಟಿಕೆಟ್ ಬಂದರೆ ತಿದ್ದಿಸುವುದು ತಲೆನೋವು.

ವಸತಿಯಲ್ಲಿ ಎಲ್ಲರೂ ಹಾಸಿಗೆಗಳನ್ನು ಎಣಿಸುತ್ತಾರೆ, ಎಣಿಸಬೇಕಾದದ್ದು ಸ್ನಾನದ ಮನೆಗಳನ್ನು. ಎಂಟು ಜನರಿಗೆ ಒಂದೇ ಬಚ್ಚಲಿದ್ದು ಒಬ್ಬೊಬ್ಬರು 15 ನಿಮಿಷ ತೆಗೆದುಕೊಂಡರೆ ಎರಡು ಗಂಟೆ, ಅದೂ ಶರತ್ಕಾಲದ ಅಮೂಲ್ಯವಾದ ಬೆಳಗಿನ ಬೆಳಕಿನಲ್ಲಿ. ಎರಡಾದರೂ ಇರುವ ದೊಡ್ಡ ಅಪಾರ್ಟ್‌ಮೆಂಟ್ ಅಥವಾ ಒಂದೇ ಹೋಟೆಲಿನ ನಾಲ್ಕು ಕೋಣೆಗಳು ಸರಿಹೊಂದುತ್ತವೆ. ಅಪಾರ್ಟ್‌ಮೆಂಟಿನ ಲಾಭವೆಂದರೆ ರಾತ್ರಿ ಎಲ್ಲರೂ ಸೇರಿ ಕುಳಿತು ಹರಟಲು ಒಂದು ಹಜಾರ ಸಿಗುವುದು. ನಷ್ಟವೆಂದರೆ ಭಾನುವಾರ ಕೋಣೆ ಬಿಟ್ಟ ಮೇಲೆ ಎಂಟು ಜನರ ಲಗೇಜು ಇಡಲು ಜಾಗವಿಲ್ಲದಿರುವುದು. ಮುಖ್ಯ ರೈಲು ನಿಲ್ದಾಣದ ಲಾಕರ್‌ಗಳ ವಿಚಾರವನ್ನು ಮೊದಲೇ ತಿಳಿದುಕೊಂಡಿರಿ. ಲಿಫ್ಟ್ ಇದೆಯೇ ಎಂಬುದನ್ನು ನಿಮ್ಮ ಗೆಳತಿಗಾಗಿ ಬರಹದಲ್ಲೇ ಖಚಿತಪಡಿಸಿಕೊಳ್ಳಿ. ಹಳೆಯ ಕಟ್ಟಡಗಳ ಚಿತ್ರಗಳಲ್ಲಿ ಮೆಟ್ಟಿಲುಗಳು ಕಾಣುವುದಿಲ್ಲ.

ದಿನಚರಿಯ ವಿಷಯದಲ್ಲಿ ನನ್ನ ಸಲಹೆ: ಎಲ್ಲರೂ ಕೂಡಿ ಮಾಡುವ, ಮುಂಗಡ ಕಾಯ್ದಿರಿಸಿದ ಒಂದು ಕಾರ್ಯಕ್ರಮ ಮತ್ತು ರಾತ್ರಿಯ ಒಂದು ಊಟ, ದಿನಕ್ಕೆ ಇಷ್ಟೇ ಸಾಕು. ಶನಿವಾರ ರಾತ್ರಿ ಎಂಟು ಜನರಿಗೆ ಒಂದೇ ಮೇಜು ಹೇಳದೆ ಕೇಳದೆ ಸಿಗುವುದು ಅಪರೂಪ, ಆದ್ದರಿಂದ ಊಟದ ಮೇಜನ್ನು ವಾರಗಳ ಮೊದಲೇ ಹೇಳಿಡಿ. ಹೆಸರುವಾಸಿಯಾದ ಜಾಗಗಳಿಗೆ ಸಮಯ ಕಾಯ್ದಿರಿಸದೆ ಹೋಗುವಂತಿಲ್ಲ: ಆಮ್ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆಗೆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ ಸಿಗುತ್ತದೆ, ಮಿಲಾನ್‌ನಲ್ಲಿ ಲಿಯನಾರ್ಡೊನ ‘ಕೊನೆಯ ಭೋಜನ’ದ ಭಿತ್ತಿಚಿತ್ರದ ಮುಂದೆ ಒಂದು ತಂಡಕ್ಕೆ 15 ನಿಮಿಷಗಳ ಅವಕಾಶವಷ್ಟೇ. ಇಂಥ ಕಡೆ ಒಂದೇ ಹೊತ್ತಿಗೆ ಎಂಟು ಸ್ಥಾನ ಸಿಗುವುದಕ್ಕಿಂತ ಅಕ್ಕಪಕ್ಕದ ಹೊತ್ತುಗಳಲ್ಲಿ ನಾಲ್ಕು ನಾಲ್ಕು ಸಿಗುವುದು ಸುಲಭ.

ಉಳಿದ ಹೊತ್ತಿನಲ್ಲಿ ಗುಂಪನ್ನು ಒಡೆಯಿರಿ. ಗೆಳೆಯರು ಒಟ್ಟಿಗೆ ಬಂದ ಮೇಲೆ ಒಟ್ಟಿಗೇ ಇರಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ, ಆದರೆ ಎಂಟು ಜನ ಒಂದಾಗಿ ನಡೆದರೆ ಪ್ರತಿ ಮೂಲೆಯಲ್ಲೂ ಯಾರೋ ಒಬ್ಬರು ಕಾಣೆಯಾಗಿರುತ್ತಾರೆ, ಉಳಿದವರು ನಿಂತು ಕಾಯುತ್ತಾರೆ. ಇಬ್ಬರು ಮೂವರಾಗಿ ಚದುರಿ ಸಂಜೆ ಸೇರಿದರೆ ಊಟದ ಮೇಜಿನಲ್ಲಿ ಹೇಳಿಕೊಳ್ಳಲು ಎಲ್ಲರ ಬಳಿಯೂ ಬೇರೆ ಬೇರೆ ಸಂಗತಿಗಳಿರುತ್ತವೆ. ಸೇರುವ ಜಾಗವನ್ನು ಎಚ್ಚರಿಕೆಯಿಂದ ಆರಿಸಬೇಕು. ಪ್ರಾಗ್‌ನ ಹಳೆಯ ಪೇಟೆಯ ಚೌಕದಲ್ಲಿ 1410ರ ಕಾಲದ ಖಗೋಳ ಗಡಿಯಾರವಿದೆ; ‘ಗಡಿಯಾರದ ಕೆಳಗೆ 5 ಗಂಟೆಗೆ’ ಎನ್ನುವುದು ಯಾರಿಗಾದರೂ ಸಹಜವಾಗಿ ಹೊಳೆಯುವ ಮಾತು. ಆದರೆ ಗಂಟೆ ತುಂಬುವ ಹೊತ್ತಿಗೆ ಮೇಲಿನ ಕಿಟಕಿಗಳಲ್ಲಿ ಹಾದುಹೋಗುವ ಬೊಂಬೆಗಳನ್ನು ನೋಡಲು ಅಲ್ಲಿ ಜನ ಕಿಕ್ಕಿರಿದು, ಎಲ್ಲರೂ ಕತ್ತೆತ್ತಿ ಫೋನು ಮೇಲಕ್ಕೆ ಹಿಡಿದು ನಿಂತಿರುವಾಗ, ನಮ್ಮವರ ಮುಖವನ್ನು ಆ ನಸುಗತ್ತಲಲ್ಲಿ ಗುರುತಿಸುವುದು ಸಾಧ್ಯವೇ ಇಲ್ಲ. ಅದೇ ಚೌಕದ ಇನ್ನೊಂದು ಬದಿಯ ಯಾನ್ ಹುಸ್ ಸ್ಮಾರಕದ ಬಳಿ, ಐದೂಕಾಲಿಗೆ ಎಂದು ಹೇಳಿಕೊಳ್ಳುವುದು ನಮ್ಮ ಗುಂಪಿನ ರೂಢಿ. ಆಗ ಬಂದವರಿಗೆ ಬಂದವರು ಸಲೀಸಾಗಿ ಸಿಗುತ್ತಾರೆ. ಹತ್ತು ನಿಮಿಷ ಕಾದು ಹೊರಟುಬಿಡುವುದು, ತಡವಾದವರು ನೇರವಾಗಿ ಊಟದ ಜಾಗಕ್ಕೆ ಬರುವುದು ಎಂಬ ಒಪ್ಪಂದವೂ ಇರಲಿ.

ಈಗ ನಿಮ್ಮ ಮೂರು ಊರುಗಳು. ಲಿಸ್ಬನ್ ಏಳು ಬೆಟ್ಟಗಳ ನಗರವೆಂದೇ ಹೆಸರಾದದ್ದು. ಸುಣ್ಣಕಲ್ಲು ಹಾಸಿದ ಅದರ ಕಾಲುದಾರಿಗಳು ಒದ್ದೆಯಾದರೆ ಜಾರುತ್ತವೆ, ಮಳೆಗಾಲ ಅಲ್ಲಿ ಅಕ್ಟೋಬರ್ ನಂತರವೇ ಬಲಗೊಳ್ಳುವುದು. ಸೆಪ್ಟೆಂಬರ್ ಕೊನೆಯ ದಿನಾಂಕ ಎಲ್ಲರಿಗೂ ಹೊಂದಿ, ಬೆಚ್ಚನೆಯ ಹವೆಯೇ ಬೇಕೆಂದಾದರೆ ಅದನ್ನು ಪರಿಗಣಿಸಬಹುದು, ಆದರೆ ಏರಿಳಿತ ಮಾತ್ರ ತಪ್ಪದು. ಪ್ರಾಗ್ ಮೂರರಲ್ಲಿ ನನಗೆ ಅತ್ಯಂತ ಪ್ರಿಯವಾದ ಊರು, ಆದರೂ ಅದರ ಹಳೆಯ ಭಾಗದ ಚಪ್ಪಡಿ ಬೀದಿಗಳು ಮತ್ತು ಕೋಟೆಯ ಏರು ನೋವಿರುವ ಮೊಣಕಾಲಿಗೆ ಹೇಳಿಮಾಡಿಸಿದ್ದಲ್ಲ. ವಿಯೆನ್ನಾದ ನಡುಭಾಗ ಬಹುಪಾಲು ಸಮತಟ್ಟು, ಅದನ್ನು ಸುತ್ತುವರಿದಿರುವ ರಿಂಗ್ ರಸ್ತೆಯಲ್ಲಿ ಟ್ರಾಮ್‌ಗಳು ಓಡಾಡುತ್ತವೆ, ಅವುಗಳಲ್ಲಿ ಅನೇಕವು ನೆಲಮಟ್ಟದಲ್ಲೇ ಹತ್ತಬಹುದಾದಂಥವು. ಮಳೆ ಬಂದರೆ ಕಲಾಸಂಗ್ರಹಾಲಯಗಳಿಗೆ ಕೊರತೆಯಿಲ್ಲ, ಬಿಸಿಲಿದ್ದರೆ ಪ್ರಾಟರ್ ಉದ್ಯಾನದಲ್ಲಿ ಮರಗಳ ಸಾಲಿನ ನಡುವೆ ನಾಲ್ಕು ಕಿಲೋಮೀಟರಿಗೂ ಉದ್ದದ ನೇರ ದಾರಿಯಿದೆ, ನಿಮ್ಮ ಗೆಳತಿ ಬೇಕಾದಷ್ಟೇ ನಡೆದು ಬೆಂಚಿನ ಮೇಲೆ ಕುಳಿತುಕೊಳ್ಳಬಹುದು. ಅಂಗಡಿಗಳು ಮಾತ್ರ ಭಾನುವಾರ ಬಹುತೇಕ ಮುಚ್ಚಿರುತ್ತವೆ, ಕೊಳ್ಳುವುದಿದ್ದರೆ ಶನಿವಾರವೇ ಮುಗಿಸಬೇಕು. ಎಲ್ಲರ ದಿನಾಂಕವೂ ಹೊಂದಿದರೆ ಅಕ್ಟೋಬರ್‌ನ ಎರಡನೆಯ ಅಥವಾ ಮೂರನೆಯ ವಾರಾಂತ್ಯ, ಊರು ವಿಯೆನ್ನಾ ಎಂಬುದು ನನ್ನ ಉತ್ತರ. ಆದರೆ ಇದನ್ನು ಗುಂಪಿನಲ್ಲಿ ಹೇಳುವ ಮೊದಲು ಆ ಗೆಳತಿಯನ್ನು ಪ್ರತ್ಯೇಕವಾಗಿ ಮಾತನಾಡಿಸಿ, ದಿನಕ್ಕೆ ಎಷ್ಟು ದೂರ ನಡೆಯುವುದು ಅವರಿಗೆ ಸಲೀಸು ಎಂದು ಕೇಳಿಕೊಳ್ಳಿ, ಎಲ್ಲರೂ ಕೂಡಿ ಹೋಗುವ ಜಾಗಗಳನ್ನು ಆ ದೂರದೊಳಗೇ ಗೊತ್ತುಮಾಡಿ.