ಜರ್ಮನ್ ಸಂಯೋಜಕ ಬ್ರಾಮ್ಸ್‌ನ ನಾಲ್ಕು ಸಿಂಫನಿಗಳಲ್ಲಿ (ಇಡೀ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ದೊಡ್ಡ ಕೃತಿಗಳಲ್ಲಿ) ನಿಮಗೆ ಹೆಚ್ಚು ಇಷ್ಟವಾದದ್ದು ಯಾವುದು? ಯಾಕೆ? ನಾನು ಸದ್ಯಕ್ಕೆ ಒಂದನೆಯದನ್ನು ಮಾತ್ರ ಕೇಳಿದ್ದೇನೆ. ಯಾವ ರೆಕಾರ್ಡಿಂಗ್ ಕೇಳಲಿ?

ನಾಲ್ಕನೆಯದು. ಹತ್ತು ವರ್ಷದ ಹಿಂದೆ ಕೇಳಿದ್ದರೆ ಯೋಚನೆಯನ್ನೇ ಮಾಡದೆ ಮೂರನೆಯದು ಅಂತಿದ್ದೆ. ಅದರ ಮೂರನೇ ಭಾಗದ ಮೊದಲಲ್ಲಿ ಚೆಲ್ಲೋಗಳು (ದೊಡ್ಡ ಪಿಟೀಲಿನಂಥ ವಾದ್ಯಗಳು) ಎತ್ತಿಕೊಳ್ಳುವ ಆ ಧಾಟಿಗೆ ಸೋಲದವರು ಕಡಿಮೆ. ನಾನೂ ಸೋತಿದ್ದೆ, ಈಗಲೂ ಸೋಲುತ್ತೇನೆ.

ನೀವು ಸದ್ಯಕ್ಕೆ ಒಂದನೆಯದನ್ನು ಮಾತ್ರ ಕೇಳಿದ್ದೇನೆ ಅಂದಿದ್ದೀರಿ. ಅದು ಮೊದಲು ನುಡಿಸಲ್ಪಟ್ಟದ್ದು 1876ರಲ್ಲಿ, ಬ್ರಾಮ್ಸ್‌ಗೆ ಆಗ 43 ವರ್ಷ. ಬೀಥೋವನ್‌ನ ಒಂಬತ್ತು ಸಿಂಫನಿಗಳು ತಲೆ ಮೇಲೆ ಕೂತಿದ್ದರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಿದ್ದುತ್ತಾ ಇದ್ದ. ಆ ತಿಣುಕಾಟ ನನಗೆ ಕೇಳಿಸುತ್ತದೆ. ಎರಡನೆಯದನ್ನು ಮರು ಬೇಸಿಗೆಯಲ್ಲೇ ಸರೋವರದ ದಂಡೆಯಲ್ಲಿ ಕೂತು ಮುಗಿಸಿಬಿಟ್ಟ. ಚೆನ್ನಾಗಿದೆ, ಹೆಚ್ಚು ಹೇಳುವುದಕ್ಕೆ ನನ್ನ ಹತ್ತಿರ ಏನಿಲ್ಲ.

ನಾಲ್ಕನೆಯದನ್ನು 1884 ಮತ್ತು 1885ರ ಬೇಸಿಗೆಗಳಲ್ಲಿ ಆಸ್ಟ್ರಿಯಾದ ಮ್ಯುರ್ಟ್ಸ್‌ತ್ಸುಶ್ಲಾಗ್ ಎಂಬ ಬೆಟ್ಟದೂರಿನಲ್ಲಿ ಬರೆದ. ಇಲ್ಲಿನ ಚೆರ್ರಿ ಹಣ್ಣು ಸಿಹಿಯಾಗುವುದಿಲ್ಲ, ಈ ಸಂಗೀತಕ್ಕೂ ಅದೇ ರುಚಿ ಹತ್ತಿದೆಯೇನೋ ಎಂದು ಪತ್ರದಲ್ಲಿ ಅನುಮಾನಪಟ್ಟಿದ್ದಾನೆ. ವಿಯೆನ್ನಾದಲ್ಲಿ ಗೆಳೆಯರ ಮುಂದೆ ಎರಡು ಪಿಯಾನೊಗಳಲ್ಲಿ ನುಡಿಸಿ ತೋರಿಸಿದಾಗ, ಅವನ ಕಟ್ಟಾ ಬೆಂಬಲಿಗ ವಿಮರ್ಶಕ ಹಾನ್ಸ್‌ಲಿಕ್ ಕೂಡ ಇಬ್ಬರು ಮಹಾ ಬುದ್ಧಿವಂತರು ಸೇರಿ ನನ್ನನ್ನು ಬಡಿದ ಹಾಗಾಯಿತು ಎಂದನಂತೆ. ಮೊದಲ ಸಲ ಕೇಳಿದಾಗ ನನಗೂ ಹೆಚ್ಚು ಕಡಿಮೆ ಹಾಗೇ ಅನಿಸಿತ್ತು. ಕೊನೆಯ ಭಾಗವಂತೂ ಒಣ ಲೆಕ್ಕಾಚಾರ ಅಂದುಕೊಂಡಿದ್ದೆ.

ಈಗ ಆ ಲೆಕ್ಕಾಚಾರವೇ ಇಷ್ಟ. ಎಂಟು ಬಾರ್ (ತಾಳದ ಎಣಿಕೆಯ ಒಂದೊಂದು ಗುಂಪು), ಬಾರ್‌ಗೆ ಮೂರು ಎಣಿಕೆ, ಒಟ್ಟು ಇಪ್ಪತ್ತನಾಲ್ಕು. ಹಳೆಯ ಸಂಯೋಜಕ ಬಾಖ್‌ನ 150ನೆಯ ಕಂಟಾಟಾದ (ವಾದ್ಯಗಳೊಂದಿಗೆ ಹಾಡುವ ಕೃತಿ) ಬೇಸ್ ಸಾಲೊಂದನ್ನು, ಅಂದರೆ ತಳದ ಮಂದ್ರ ಸ್ವರಗಳ ಸಾಲನ್ನು, ತುಸು ಬದಲಿಸಿ ತಂದ ಎಂಟು ಸ್ವರಗಳ ಆವರ್ತ. ಅದರ ಮೇಲೆ ಮೂವತ್ತು ಬಾರಿ ಬೇರೆ ಬೇರೆ ಮನೆ ಕಟ್ಟುತ್ತಾನೆ, ಅಡಿಪಾಯ ಮಾತ್ರ ಕದಲುವುದಿಲ್ಲ. ಚಿಕ್ಕಂದಿನಲ್ಲಿ ನಾಲ್ಕಾರು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿದ್ದವನು ನಾನು. ಹಾಡು ಹತ್ತಲಿಲ್ಲ, ತಾಳ ಹಾಕುವ ಚಟ ಉಳಿಯಿತು. ಒಂದು ರಾತ್ರಿ ಸುಮ್ಮನೆ ತೊಡೆ ಮೇಲೆ ಎಣಿಸುತ್ತಾ ಕೂತೆ. ಮೊದಲ ಸುತ್ತು ಬಿಟ್ಟು ಹನ್ನೆರಡನೆಯದಕ್ಕೆ ಬಂದಾಗ ಕೈ ತಪ್ಪಿತು. ಎಲ್ಲ ವಾದ್ಯಗಳೂ ಹಿಂದೆ ಸರಿದು ಒಂದೇ ಒಂದು ಕೊಳಲು ಮುಂದೆ ಬಂದಿದೆ, ಎಂಟೇ ಬಾರ್, ಆದರೆ ಪ್ರತಿ ಬಾರ್‌ಗೂ ಮೊದಲಿನ ಎರಡರಷ್ಟು ಹೊತ್ತು. ನಮ್ಮ ಕರ್ನಾಟಕ ಸಂಗೀತದ ತಾಳದಲ್ಲಿ ಒಂದು ಕಳೆಯಿಂದ ಎರಡು ಕಳೆಗೆ, ಅಂದರೆ ಇಮ್ಮಡಿ ನಿಧಾನದ ಎಣಿಕೆಗೆ, ಬಂದ ಹಾಗೆ. ಆ ಕೊಳಲು ಉಸಿರು ಸಾಲದವರ ಹಾಗೆ ಮೇಲೇರುತ್ತಾ, ನಿಲ್ಲುತ್ತಾ, ಮತ್ತೆ ಏರುತ್ತಾ ಹೋಗುತ್ತದೆ. ಅಳುವಿಗೂ ಆವರ್ತ ತಪ್ಪಿಸಲು ಬಿಟ್ಟಿಲ್ಲವಲ್ಲ ಈ ಮನುಷ್ಯ ಅಂತ ಹೊಳೆದಾಗ ಎಣಿಸುವುದನ್ನು ನಿಲ್ಲಿಸಿದೆ.

ಇನ್ನೊಂದು ವಿಷಯ, ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವಾದ್ಯದವರ ಪಾಡು. ಮೂರು ಭಾಗ, ಹೆಚ್ಚು ಕಡಿಮೆ ಅರ್ಧ ಗಂಟೆ, ಅವರು ಕೈಕಟ್ಟಿ ಕೂತಿರಬೇಕು. ಕೊನೆಯ ಭಾಗದ ಮೊದಲ ಸ್ವರಕ್ಕೇ ಅವರ ಪ್ರವೇಶ. ಕೊಳಲಿನ ನಂತರ ಸ್ವಲ್ಪದರಲ್ಲೇ ಮೈನರ್ (ದುಗುಡದ ಛಾಯೆಯ ಸ್ವರಶ್ರೇಣಿ) ಹೋಗಿ ಮೇಜರ್ (ತಿಳಿಯಾದ ಸ್ವರಶ್ರೇಣಿ) ಆಗುತ್ತದೆ, ಅದೇ ಟ್ರೊಂಬೋನ್‌ಗಳು ದೇವರ ಮನೆಯಲ್ಲಿ ಮಾತಾಡಿದಷ್ಟು ಮೆತ್ತಗೆ ನುಡಿಯುತ್ತವೆ. ಇನ್ನೇನು ಸಮಾಧಾನ ಸಿಕ್ಕಿತು ಅನ್ನುವಷ್ಟರಲ್ಲಿ ಮೊದಲಿನ ಎಂಟು ಸ್ವರ ಅಬ್ಬರಿಸಿಕೊಂಡು ವಾಪಸ್. ಒಂದನೆಯ ಸಿಂಫನಿ ಮೈನರ್‌ನಲ್ಲಿ ಶುರುವಾಗಿ ಮೇಜರ್‌ನಲ್ಲಿ ಗೆದ್ದು ಮುಗಿಯುತ್ತದೆ, ಕೇಳಿದ್ದೀರಲ್ಲ. ಇದು ಮೈನರ್‌ನಲ್ಲೇ ಮುಗಿಯುತ್ತದೆ. ಆ ಹಟ ನನಗೆ ಮೂವತ್ತರಲ್ಲಿ ಕಹಿಯಾಗಿತ್ತು, ಈಗ ಅದೇ ಬೇಕು.

ಯಾವ ರೆಕಾರ್ಡಿಂಗ್ ಅಂತಲೂ ಕೇಳಿದ್ದೀರಿ: ಕಾರ್ಲೋಸ್ ಕ್ಲೈಬರ್ ನಿರ್ದೇಶನದ ವಿಯೆನ್ನಾ ಫಿಲ್‌ಹಾರ್ಮೊನಿಕ್ ವಾದ್ಯವೃಂದ, 1980. ಮೊದಲ ಸಲಕ್ಕೆ ಎಣಿಸಲು ಹೋಗಬೇಡಿ. ಎರಡನೇ ಸಲ ಕೊನೆಯ ಭಾಗ ಮಾತ್ರ ಹಾಕಿಕೊಂಡು, ಇಪ್ಪತ್ತನಾಲ್ಕರ ಲೆಕ್ಕ ಹಿಡಿದು ಕೊಳಲಿನವರೆಗೆ ಹೋಗಿ ನೋಡಿ.