ಪ್ರಾಸ ಬಿಡಿ, ನದಿಯನ್ನು ಮಾತಾಡಿಸಿ

ನಾಲ್ಕನೇ ತರಗತಿಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಸಮಾಜ ಪಾಠಕ್ಕೆ ಮಕ್ಕಳಿಂದ ಕವಿತೆ ಬರೆಸಿ ನೋಡಿದೆ. ಪ್ರಾಸ ಹುಡುಕುವುದರಲ್ಲೇ ಪೀರಿಯಡ್ ಮುಗಿಯಿತು, ಪಾಠ ಹಿಂದೆ ಬಿತ್ತು. ಇದನ್ನು ಮುಂದುವರಿಸಬೇಕೇ?"

ಪ್ರಿಯ ಮೇಡಂ,

ಖಂಡಿತ ಮುಂದುವರಿಸಿ. ಪ್ರಾಸವನ್ನು ಮಾತ್ರ ಬಿಟ್ಟುಬಿಡಿ. 'ಪ್ರಾಸ ಇರಲೇಬೇಕು' ಎಂದರೆ ಮಗುವಿನ ಗಮನವೆಲ್ಲ ಸಾಲಿನ ಕೊನೆಯ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಹೊಂದಿಸಲು ನದಿಯನ್ನು ಎತ್ತ ಬೇಕಾದರೂ ಹರಿಸಿಬಿಡುತ್ತದೆ.

ಪತ್ರಿಕೆಗೆ ಬರುವ ಮೊದಲು ನಾನೂ ಕೆಲವು ವರ್ಷ ಪಾಠ ಮಾಡಿದವನು. ಒಮ್ಮೆ ನೈಲ್ ನದಿಯ ಪಾಠ ಮುಗಿಸಿ, 'ನೀವೇ ನೈಲ್ ಅಂದುಕೊಂಡು ಐದು ಸಾಲು ಬರೆಯಿರಿ' ಎಂದೆ. ಒಬ್ಬ ಹುಡುಗಿ ಬರೆದಳು: 'ನಾನು ಸಮುದ್ರದಲ್ಲಿ ಹುಟ್ಟಿ ಕೆಳಗೆ ಇಳಿಯುತ್ತೇನೆ.' ಹಿಂದಿನ ವಾರದ ಟೆಸ್ಟಿನಲ್ಲಿ ಇದೇ ಹುಡುಗಿ 'ನೈಲ್ ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ' ಎಂದು ಬರೆದು ಪೂರ್ತಿ ಮಾರ್ಕ್ಸ್ ತೆಗೆದಿದ್ದಳು. ಹತ್ತಿರ ಕರೆದು ಕೇಳಿದೆ. "ಸಮುದ್ರ ನಕ್ಷೆಯಲ್ಲಿ ಮೇಲಿದೆ ಸಾರ್. ನೀರು ಮೇಲಕ್ಕೆ ಹೇಗೆ ಹತ್ತುತ್ತೆ?" ಎಂದಳು.

ಎಷ್ಟು ನ್ಯಾಯವಾದ ಪ್ರಶ್ನೆ! ನಕ್ಷೆಯ ಮೇಲ್ಭಾಗ ಉತ್ತರ ದಿಕ್ಕು, ಎತ್ತರ ಅಲ್ಲ ಎಂದು ನಾನು ಹೇಳಿಯೇ ಇರಲಿಲ್ಲ. ಅವತ್ತಿನ ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು. ಇಥಿಯೋಪಿಯಾದ ಎತ್ತರದ ನೆಲದಿಂದ ನೀಲಿ ನೈಲ್ ಇಳಿದು ಬರುವುದು, ಖಾರ್ಟೂಮ್‌ನಲ್ಲಿ ಬಿಳಿ ನೈಲ್ ಜೊತೆ ಸೇರುವುದು, ಎಲ್ಲವನ್ನೂ ಬೆರಳಿಟ್ಟು ನೋಡಿದೆವು. ಮರುದಿನ ಅವಳು ಸಾಲು ತಿದ್ದಿ ತಂದಳು: 'ನಕ್ಷೆಯಲ್ಲಿ ಹತ್ತುತ್ತೇನೆ, ನೆಲದಲ್ಲಿ ಇಳಿಯುತ್ತೇನೆ.' ಟೆಸ್ಟಿನಲ್ಲಿ ಕಾಣದ ತಪ್ಪನ್ನು ಕವಿತೆ ತೋರಿಸಿಕೊಟ್ಟಿತ್ತು.

ಇತಿಹಾಸಕ್ಕೆ ಎರಡು ದನಿಯ ಕವಿತೆ ಚೆನ್ನಾಗಿ ಒಗ್ಗುತ್ತದೆ. ಜರ್ಮನಿಯ ಬರ್ಲಿನ್ ನಗರವನ್ನು ಪೂರ್ವ, ಪಶ್ಚಿಮ ಎಂದು ಎರಡಾಗಿಸಿದ್ದ ಬರ್ಲಿನ್ ಗೋಡೆಯನ್ನೇ ತೆಗೆದುಕೊಳ್ಳಿ. 1961ರ ಆಗಸ್ಟ್ 13ರಂದು ಬೆಳಗಾಗುವಷ್ಟರಲ್ಲಿ ಊರಿನ ನಡುವೆ ಮುಳ್ಳುತಂತಿ ಎದ್ದಿತ್ತು. ದಾರಿ ತೆರೆದದ್ದು 1989ರ ನವೆಂಬರ್ 9ರಂದು. ಇಬ್ಬಿಬ್ಬರು ಮಕ್ಕಳನ್ನು ಜೋಡಿ ಮಾಡಿ. ಒಬ್ಬರು ಪೂರ್ವದ ಮಗು, ಇನ್ನೊಬ್ಬರು ಪಶ್ಚಿಮದ ಮಗು. ತಮ್ಮ ತಮ್ಮ ಸಾಲನ್ನು ಎಡಕ್ಕೊಬ್ಬರು ಬಲಕ್ಕೊಬ್ಬರು ಬರೆಯಲಿ. ಇಬ್ಬರಿಗೂ ನಿಜವಾಗುವ ಸಾಲು ಮಾತ್ರ ನಡುವೆ ಬರಲಿ, ಅದನ್ನು ಒಟ್ಟಿಗೆ ಓದಲಿ. ಆ ನಡುವಿನ ಸಾಲಿಗೆ ಮಕ್ಕಳು ಜಗಳ ಆಡುತ್ತಾರೆ. ಆಡಲಿ ಬಿಡಿ. ಪಾಠ ಒಳಗೆ ಇಳಿಯುವುದೇ ಆಗ ಅಲ್ವಾ?

ಒಂದು ಎಚ್ಚರಿಕೆ. ಗುಲಾಮರ ಸಾಗಾಟದಂಥ ಪಾಠದಲ್ಲಿ 'ನೀನೇ ಆ ಮನುಷ್ಯ' ಎಂದು ಬರೆಸಬೇಡಿ. ಆ ನೋವು ಆಟವಾಗಿಬಿಡುತ್ತದೆ, ಇಲ್ಲವೇ ಕೆಲವು ಮಕ್ಕಳಿಗೆ ತಡೆಯಲಾರದಷ್ಟು ಭಾರವಾಗುತ್ತದೆ. ಬದಲಿಗೆ ಆ ಮನುಷ್ಯನಿಗೆ ಕೇಳಬೇಕೆನಿಸುವ ಪ್ರಶ್ನೆಗಳನ್ನೇ ಸಾಲುಗಳಾಗಿ ಬರೆಯಲಿ.

ಸಮಯದ ಚಿಂತೆ ನನಗೂ ಗೊತ್ತು. ಪ್ರತಿ ಪಾಠಕ್ಕೂ ಬೇಡ. ಬರೆಯುವ ಮುಂಚೆ ಪಾಠದಿಂದ ಮೂರು ಸಂಗತಿ ಆರಿಸಿಕೊಳ್ಳಲಿ, ಆ ಮೂರೂ ಕವಿತೆಯಲ್ಲಿ ಬರಲಿ. ನೀವು ನೋಡಬೇಕಾದದ್ದು ಅಷ್ಟೇ. ಕವಿತೆ ಚೆನ್ನಾಗಿದೆಯೋ ಇಲ್ಲವೋ ಎಂದು ಮಾರ್ಕ್ಸ್ ಹಾಕಬೇಡಿ. ಸಂಗತಿ ತಪ್ಪಿದ್ದರೆ ಕೆಂಪು ಗೆರೆ ಎಳೆಯುವ ಮೊದಲು ಮಗುವನ್ನೊಮ್ಮೆ ಕೇಳಿ.

ನಿಮ್ಮ ಮಕ್ಕಳು ಜಗಳ ಆಡಿ ಒಪ್ಪಿಕೊಂಡ ಆ ನಡುವಿನ ಸಾಲನ್ನು ನಮಗೂ ಬರೆದು ಕಳಿಸಿ.

ಸಂಪಾದಕ