14 ವರ್ಷ ನಿಂತ ಕಾರಿಗೆ ಮೊದಲು ಟ್ಯಾಂಕ್ ತೊಳೆಯಿರಿ

ಪ್ರಶ್ನೆ: ನಮ್ಮ ತಂದೆಯವರ 1982ರ ಮರ್ಸಿಡಿಸ್ 280ಇ ಕಾರು ಶೆಡ್ಡಿನಲ್ಲಿ 14 ವರ್ಷದಿಂದ ನಿಂತಿದೆ. ಹೋದ ವಾರ ಹೊಸ ಬ್ಯಾಟರಿ ಹಾಕಿ, 5 ಲೀಟರ್ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆದೆವು. ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹಿಂದುಗಡೆ ಪಂಪ್ ಗೊರ್ ಅನ್ನುತ್ತದೆ. ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಕೂರಿಸೋಣ ಅಂತಾರೆ ಮೆಕ್ಯಾನಿಕ್. ಏನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ದಯವಿಟ್ಟು ಇನ್ನೊಂದು ಸಲ ಸೆಲ್ಫ್ ಹೊಡೆಯಬೇಡಿ. ಕಾರ್ಬುರೇಟರ್ ಮಾತಂತೂ ಬೇಡವೇ ಬೇಡ. ನಿಮ್ಮ ಕಾರಿನಲ್ಲಿರುವುದು ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಎಂಬ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ. ಪೆಟ್ರೋಲ್ ಅಳೆಯುವುದಕ್ಕೆ ಅದರಲ್ಲಿ ಕಂಪ್ಯೂಟರ್ ಇಲ್ಲ. ಇಂಜಿನ್ ಎಳೆಯುವ ಗಾಳಿ ಒಂದು ತಟ್ಟೆಯನ್ನು ಸರಿಸುತ್ತದೆ, ಆ ತಟ್ಟೆ ಪ್ಲಂಜರ್ ಎಂಬ ಸಣ್ಣ ಲೋಹದ ಕಡ್ಡಿಯನ್ನು ಎತ್ತುತ್ತದೆ, ಅದು ಎದ್ದಷ್ಟು ಪೆಟ್ರೋಲ್ ಸಿಂಪಡಿಸುವ ಆರೂ ಇಂಜೆಕ್ಟರಿಗೆ ಹೋಗುತ್ತದೆ. ಇದನ್ನು ಕೆಡಿಸುವುದು ಕೊಳೆ, ನೀರು ಮತ್ತು ತುಕ್ಕು. ಈ ಮೂರೂ ಈಗ ನಿಮ್ಮ ಟ್ಯಾಂಕಿನಲ್ಲೇ ಇರುವ ಹಾಗೆ ಕಾಣುತ್ತದೆ.

ಮೈಸೂರಿನಲ್ಲಿ ಇಂಥದ್ದೇ ಒಂದು ಕಾರಿನ ಟ್ಯಾಂಕಿನ ತಳದ ಜಾಲರಿ ಬಿಚ್ಚಿದ್ದೆ. ಜೋನಿ ಬೆಲ್ಲದ ಹಾಗೆ ಕಂದು ಅಂಟು ಮೆತ್ತಿಕೊಂಡಿತ್ತು. ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು. ಪಂಪ್ ಗೊರಗುಟ್ಟುತ್ತಿದ್ದುದು ಅದಕ್ಕೇ, ಎಳೆಯಲು ಪೆಟ್ರೋಲ್ ಸಿಗದೆ. ಆದ್ದರಿಂದ ನೀವು ಟ್ಯಾಂಕ್ ಇಳಿಸಿ, ತೊಳೆಸಿ, ಪೂರ್ತಿ ಒಣಗಿಸಿ. ಹೊಸದಾಗಿ ಸುರಿದ 5 ಲೀಟರ್ ಕೂಡ ಹಳೆಯದರ ಜೊತೆ ಸೇರಿ ಹೋಗಿದೆ, ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ಜಾಲರಿ, ಫಿಲ್ಟರ್ ಎರಡೂ ಹೊಸದು ಹಾಕಿಸಿ.

ರಬ್ಬರ್ ಹೋಸ್ ನೋಡಲು ಚೆನ್ನಾಗಿದ್ದರೂ ಎಲ್ಲ ಬದಲಿಸಿ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್, ಅಂದರೆ ಕಬ್ಬಿನಿಂದಲೂ ತಯಾರಾಗುವ ಮದ್ಯಸಾರ, ಇರುತ್ತದೆ. ಕಬ್ಬಿನ ಸೀಮೆಯವರಿಗೆ ನಾನೇನು ಹೇಳಬೇಕಿಲ್ಲ ಅಲ್ವಾ! ಎಥನಾಲ್ ನೀರು ಹೀರುತ್ತದೆ, ಆ ಕಾಲದ ರಬ್ಬರನ್ನೂ ತಿನ್ನುತ್ತದೆ. ಈ ಲೈನಿನಲ್ಲಿ ಒತ್ತಡ 5 ಬಾರ್ ಆಸುಪಾಸು. ಕಾರ್ಬುರೇಟರ್ ಗಾಡಿಯ ಹೋಸ್ ಹಾಕಿದರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮೀತು. ಇಂಜೆಕ್ಷನ್‌ಗೆಂದೇ ಬರುವ ಹೋಸನ್ನೇ ಕೇಳಿ ತನ್ನಿ. ಯಾವ ಜಾಯಿಂಟ್ ಬಿಚ್ಚುವ ಮೊದಲೂ ಬ್ಯಾಟರಿ ವೈರ್ ತೆಗೆದಿರಿ.

ಆಮೇಲೆ ಪ್ಲಂಜರ್. ಪಂಪ್ ಸ್ವಲ್ಪ ಹೊತ್ತು ಓಡಿಸಿ, ಒತ್ತಡ ಬಂದ ಮೇಲೆ ನಿಲ್ಲಿಸಿ, ಗಾಳಿಯ ತಟ್ಟೆಯನ್ನು ಬೆರಳಿನಿಂದ ನಿಧಾನವಾಗಿ ಸರಿಸಿ. ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಬಿಗಿ ಸಿಗಬೇಕು. ಮಧ್ಯೆ ಸಿಕ್ಕಿಹಾಕಿಕೊಂಡರೆ, ಅಥವಾ ಬಿಗಿಯೇ ಇಲ್ಲದೆ ಸಡಿಲವಾಗಿ ಆಡಿದರೆ, ಪ್ಲಂಜರ್ ಅಂಟಿರಬಹುದು. ಕಟಿಂಗ್ ಪ್ಲೇಯರ್ ಹಾಕಿ ಎಳೆಯಲು ಯಾರಿಗೂ ಬಿಡಬೇಡಿ. ಒಂದು ಗೀರು ಬಿದ್ದರೆ, ಪ್ಲಂಜರ್ ಕೂತಿರುವ, ಪೆಟ್ರೋಲ್ ಹಂಚುವ ಇಡೀ ಡಿಸ್ಟ್ರಿಬ್ಯೂಟರ್ ಹಾಳು. ಕ್ಲೀನರ್ ಹಾಕಿ ಒಂದೆರಡು ದಿನ ನೆನೆಯಲು ಬಿಡಿ. ಆತುರ ಬೇಡ.

ಕೊನೆಗೆ ಬಾಟಲಿ ಪರೀಕ್ಷೆ. ಆರೂ ಇಂಜೆಕ್ಟರ್ ಹೊರಗೆ ತೆಗೆದು, ಒಂದೇ ಅಳತೆಯ ಆರು ಬಾಟಲಿಗೆ ಇಳಿಬಿಡಿ. ಬಯಲಲ್ಲೇ ಮಾಡಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಬೀಡಿ ಸಿಗರೇಟಿನವರನ್ನು ದೂರ ಕಳಿಸಿ. ಪಂಪ್ ಓಡಿಸಿ ತಟ್ಟೆ ಸರಿಸಿದಾಗ ಆರರಿಂದಲೂ ಮಂಜಿನ ಹಾಗೆ ಸಿಂಪಡಿಸಬೇಕು, ಬಾಟಲಿಗಳಲ್ಲಿ ಸಮನಾಗಿ ತುಂಬಬೇಕು. ತಟ್ಟೆ ಬಿಟ್ಟ ಮೇಲೂ ತೊಟ್ಟಿಕ್ಕುವ ಇಂಜೆಕ್ಟರನ್ನು ಬದಲಿಸಿ.

ಸ್ಟಾರ್ಟ್ ಆದ ಮೇಲೆ ಸ್ವಲ್ಪ ಒರಟಾಗಿ ಓಡಿದರೂ, ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮುಟ್ಟಬೇಡಿ. ಅದನ್ನು ಹಿಂದೆ ಯಾರೋ ಸರಿಯಾಗಿ ಹೊಂದಿಸಿಟ್ಟಿರುತ್ತಾರೆ. ಮಂಡ್ಯದಿಂದ ಮೈಸೂರಿಗೆ ಎರಡು ಮೂರು ಸಲ ಹೋಗಿ ಬನ್ನಿ, ನಂತರ ಫಿಲ್ಟರ್ ಮತ್ತೊಮ್ಮೆ ಬದಲಿಸಿ.